ಹೂಂಗುಟ್ಟುವ ಗುಂಡಿ

ಹುಣಸೂರಿನ ಕಲ್ಕುಣಿಕೆ ರಸ್ತೆಯಲ್ಲಿ ಚಲುವರಾಜುವಿನ ಅಂಗಡಿ. ಅಲ್ಲಿ ಮುದ್ದೆಕೋಲು ಇತ್ತು, ಲಟ್ಟಣಿಗೆ ಇತ್ತು, ಕಡಗೋಲು ಇತ್ತು, ಮಂಚದ ಕಾಲು ಇತ್ತು. ಚಲುವರಾಜು ಮಾತ್ರ ಇರುತ್ತಿರಲಿಲ್ಲ. ಮರ ಕಡೆಯಲು ನಿಂತರೆ ಅವನ ಕೈ ದೇವರು ಕೊಟ್ಟ ಕೈ. ಕಾಲು ಮಾತ್ರ ಯಾವುದೋ ಗಾಳಿ ಕೊಟ್ಟದ್ದು. ಮಿಷನ್ನು ನಿಲ್ಲಿಸಿದ ಮರುಗಳಿಗೆಗೆ 'ಒಂದ್ನಿಮಿಷ ಬಂದೆ' ಎಂದು ಎದ್ದರೆ ಮೊದಲು ಬಸ್ ಸ್ಟ್ಯಾಂಡಿನ ಟೀ ಅಂಗಡಿ, ಅಲ್ಲಿಂದ ಯಾರದೋ ಕೆಟ್ಟ ಬೈಕು ನೂಕುವುದು, ಅಲ್ಲಿಂದ ಇನ್ಯಾರದೋ ಜಗಳ ಬಿಡಿಸುವುದು. ಅವನು ಕೂರಬೇಕಾದ ಕುರ್ಚಿಯಲ್ಲಿ ಬೀದಿಯ ಬೆಕ್ಕೊಂದು ಬಾಣಂತನ ಮುಗಿಸಿಕೊಂಡು ಹೋಗಿತ್ತು.

ಮಳಿಗೆ ಮಾತ್ರ ಅವನದಲ್ಲ, ಮಾವ ಶಿವನಂಜಪ್ಪನವರದು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಸ್ಥಿತಿವಂತರು, ಮಗಳನ್ನು ಕೊಟ್ಟ ಮೇಲೆ ಅಳಿಯನಿಗೊಂದು ನೆಲೆ ಇರಲಿ ಎಂದು ಬಿಟ್ಟುಕೊಟ್ಟಿದ್ದರು. ಹುಣಸೂರಿಗೆ ಬಂದಾಗಲೆಲ್ಲ ಅಳಿಯನನ್ನು ಮಾತಾಡಿಸಿಕೊಂಡು ಹೋಗೋಣವೆಂದು ಇಣುಕುವರು, ಇಣುಕಿದಾಗಲೆಲ್ಲ ಬೆಕ್ಕು. ಕಡೆಯ ಸಲವಂತೂ ಅದು ತಲೆಯೆತ್ತಿ, 'ಏನು ಬೇಕಿತ್ತು?' ಎನ್ನುವ ಹಾಗೆ ಅವರನ್ನೇ ಕೇಳಿತು. ಅದು ಅವರ ಮನಸ್ಸಿಗೆ ನಾಟಿತು. ಸರಗೂರಿನ ಮರಿಯಯ್ಯ ಪ್ಲಾಸ್ಟಿಕ್ ಬಿಂದಿಗೆ, ಬಕೀಟು ಮಾರಲು ಮಳಿಗೆ ಕೇಳುತ್ತಿದ್ದಾನೆ, ಕೊಟ್ಟುಬಿಡುತ್ತೇನೆ ಎಂದು ಮಾರನೆಯ ದಿನವೇ ಫೋನು ಬಂತು.

ಚಲುವರಾಜು ಹೆಂಡತಿಯ ಮೇಲೆ, ತಾಯಿಯ ಮೇಲೆ, ಮಿಷನ್ನಿನ ಮೇಲೆ ಆಣೆಯಿಟ್ಟ. ತಾನು ಅಂಗಡಿ ಬಿಟ್ಟು ಕದಲುವವನೇ ಅಲ್ಲ, ಕದಲಿದ ಒಂದೇ ಒಂದು ನಿಮಿಷಕ್ಕೆ ಸರಿಯಾಗಿ ಮಾವ ಬರುತ್ತಾರೆ ಎಂದ. ಆಣೆಗೆ ಸಾಕ್ಷಿ ಬೇಕಲ್ಲ? ಆ ಸಾಕ್ಷಿಯನ್ನು ಒದಗಿಸಿದವನು ಧರ್ಮೇಂದ್ರ.

ಈ ಧರ್ಮೇಂದ್ರ ಹಿಂದಿನ ಬೀದಿಯಲ್ಲಿ ಸೈಬರ್ ಕೆಫೆ ಇಟ್ಟಿದ್ದವನು. ಹೋದ ದೀಪಾವಳಿಗೆ ಚಲುವರಾಜುವಿನ ಅಂಗಡಿಗೆಂದು ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅದರಲ್ಲಿ ಮುದ್ದೆಕೋಲು ತಾನೇ ತಾನಾಗಿ ಗಿರಗಿರನೆ ತಿರುಗುತ್ತಿತ್ತು. ಅದನ್ನು ಅದುವರೆಗೆ ನೋಡಿದ್ದವರು ಧರ್ಮೇಂದ್ರ ಮತ್ತು ಚಲುವರಾಜು ಇಬ್ಬರೇ. ಈಗ ಧರ್ಮೇಂದ್ರ ತನ್ನ ಕೆಫೆಯ ಹಳೆಯ ಕಂಪ್ಯೂಟರೊಂದನ್ನು ಅಂಗಡಿಯಲ್ಲಿ ತಂದಿಟ್ಟು, ವೆಬ್‌ಸೈಟಿಗೊಂದು ಚಾಟ್ ಗುಂಡಿ ಕೂರಿಸಿದ. ಅಂಗಡಿಯ ಕಂಪ್ಯೂಟರಿನ ಮುಂದೆ ಯಾರಾದರೂ ಇದ್ದರೆ ಗುಂಡಿಯಲ್ಲಿ ಹಳದಿ ದೀಪ ಉರಿದು 'ಅಂಗಡಿಯಲ್ಲಿದ್ದಾರೆ' ಎನ್ನುವುದು. ಸ್ವಲ್ಪ ಹೊತ್ತು ಯಾರೂ ಏನೂ ಮುಟ್ಟದಿದ್ದರೆ ದೀಪ ಬೂದಿ ಬಣ್ಣಕ್ಕೆ ತಿರುಗಿ 'ಇಲ್ಲ' ಎನ್ನುವುದು. ಊರೂರಿನ ಗಿರಾಕಿಗಳು ಆ ಗುಂಡಿ ಒತ್ತಿ ಒಳಗೆ ಬಂದು ಮಾತು ಬರೆಯಬಹುದು; ಅವರು ಎದ್ದು ಹೋದರೆ ಮಾತಿನ ಕಿಟಕಿ ತನ್ನಷ್ಟಕ್ಕೆ ಮುಚ್ಚಿಕೊಂಡು ಆಡಿದ್ದೆಲ್ಲ ಅಳಿಸಿಹೋಗುವುದು.

ಇದನ್ನು ಕೇಳಿ ಶಿವನಂಜಪ್ಪನವರಿಗೆ ಖುಷಿಯಾಯಿತು. ಅವರ ಮಗ ಚಂದು ಪಿರಿಯಾಪಟ್ಟಣದಲ್ಲೇ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ.

"ಸರಿ ಕಣಪ್ಪ ಅಳಿಯಂದ್ರೆ," ಎಂದರು ಫೋನಿನಲ್ಲಿ. "ಬರೋ ಶುಕ್ರವಾರ ಬಾಗ್ಲು ತೆಗೆದಾಗಿಂದ ಒತ್ತು ಮುಳುಗೋಗಂಟ ಆ ದೀಪ ಆರ್ಬಾರ್ದು, ನೀವು ಎದ್ದು ಓಗ್ಬಾರ್ದು. ನಾನು ಚಂದು ಅಂಗ್ಡೀಲಿ ಕೂತ್ಕಂಡು ನೋಡ್ತಿರ್ತೀನಿ. ನೀವು ಕೂತ್ರೆ ಮಳಿಗೆ ನಿಮ್ದೇ, ಇನ್ನು ಆ ಮಾತೇ ಎತ್ತಾಕಿಲ್ಲ. ಎದ್ರೋ, ಮರಿಯಯ್ಯನ ಬಿಂದ್ಗೆ ಬಂದು ಕೂತ್ಕತವೆ."

ಶುಕ್ರವಾರ ಬೆಳಗ್ಗೆ ತಾಯಿ ಪುಟ್ಟಸಿದ್ದಮ್ಮ ಕಂಪ್ಯೂಟರಿಗೆ ಪೂಜೆ ಮಾಡಿದಳು. ತೆರೆಯ ನೆತ್ತಿಗೆ ಚೆಂಡುಹೂವು, ಪಕ್ಕದಲ್ಲಿ ಊದುಬತ್ತಿ. ಅಕ್ಷರದ ಗುಂಡಿಗಳ ಸಾಲಿನ ತುದಿಯಲ್ಲಿ ಜಾಗ ಸಿಕ್ಕಿದ ಒಂದು ಗುಂಡಿಗೆ ಕುಂಕುಮದ ಬೊಟ್ಟು. ಹಳದಿ ದೀಪ ಹತ್ತಿದ್ದೇ ಕೈಮುಗಿದಳು. ಅವಳ ಲೆಕ್ಕದಲ್ಲಿ ಪೂಜೆಗೆ ಹತ್ತಿದ ದೀಪ ಯಾವುದಾದರೇನು, ಹೊತ್ತು ಮುಳುಗುವ ತನಕ ಕಾಯಬೇಕಾದದ್ದೇ. ಧರ್ಮೇಂದ್ರ "ಆರಿಹೋದ್ರೆ" ಎಂದು ಶುರುಮಾಡಿದ ಕೂಡಲೇ, "ದೊಡ್ಡದಾದ್ರೆ ಅನ್ನು ಮಗ, ಬಿಡ್ತು ಅನ್ನು," ಎಂದು ತಿದ್ದಿದಳು.

ಪುಟ್ಟಸಿದ್ದಮ್ಮನಿಗೆ ಓದು ಬರಹ ಬಾರದು. ಆದರೆ ಆ ಬೀದಿಯ ಮಕ್ಕಳೆಲ್ಲ ಅವಳ ಬಾಯಿಂದ ಕತೆ ಕೇಳಿಯೇ ಮಲಗಿದವರು. ಏಳು ಮಲ್ಲಿಗೆ ತೂಕದ ರಾಜಕುಮಾರಿ, ಹುಣಿಸೆ ಮರದಲ್ಲಿ ಮನೆ ಮಾಡಿದ ರಾಕ್ಷಸ, ಮಾತಾಡುವ ಒನಕೆ, ಎಲ್ಲರೂ ಅವಳ ಸೆರಗಿನ ಗಂಟಿನಲ್ಲೇ ಇದ್ದರು. ಅವಳ ಕಟ್ಟಳೆ ಒಂದೇ. ಕೇಳುವವರು ನಡುನಡುವೆ ಹೂಂ ಎನ್ನುತ್ತಿರಬೇಕು. ಹೂಂ ನಿಂತರೆ ಕತೆ ನಿಂತಿತು. ರಾಜಕುಮಾರಿ ನದಿಯ ನಡುವೆ ಇದ್ದರೂ ಸರಿ, ಅಲ್ಲೇ ಇರಬೇಕಾಗಿತ್ತು. ಮಾತಾಡುವವರ ಎದುರು ಮೂಕರಂತೆ ಕೂರುವುದು ಬಾಗಿಲಿಗೆ ಬಂದವರಿಗೆ ನೀರು ಕೊಡದೆ ಇರುವುದಕ್ಕೆ ಸಮ.

"ಅಲ್ಲ ಕಣ್ಲಾ ಧರ್ಮೇಂದ್ರ, ಬಂದೋರು ಬರ್ಕಂಡು ಓಯ್ತಿದ್ರೆ ಇವ್ನು ಅಕ್ಸರ ಉಡುಕ್ತಾ ಕೂತಿರ್ತಾನೆ. ಅಲ್ಲೀಗಂಟ ಹೂಂ ಅನ್ನೋರು ಬ್ಯಾಡ್ವಾ?" ಎಂದು ಕೇಳಿದಳು.

ಅವಳು ಕೇಳಿದ್ದು ಧರ್ಮೇಂದ್ರನಿಗೆ ಸರಿಯೆನ್ನಿಸಿತು. ಕುಂಕುಮ ಬಿದ್ದಿದ್ದ ಗುಂಡಿಯನ್ನು ಒತ್ತಿದರೆ 'ಹೂಂ' ಎಂದು ತಾನೇ ಹೋಗುವ ಹಾಗೆ ಮಾಡಿಕೊಟ್ಟ. ಅದನ್ನು ಒತ್ತುತ್ತಿದ್ದರೆ ದೀಪವೂ ಆರದು, ಬಂದವರಿಗೆ ಬೇಸರವೂ ಆಗದು. ಇಷ್ಟು ಮಾಡಿ ಅವನು ತನ್ನ ಕೆಫೆಗೆ ಹೋದ. ಹೋಗುವ ಮುಂಚೆ ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುವುದೆಂದೂ, ಸಂಜೆಯವರೆಗೆ ಯಾರೂ ರಿಸೀವರ್ ಎತ್ತಬಾರದೆಂದೂ ಎಚ್ಚರಿಸಿದ. ಪುಟ್ಟಸಿದ್ದಮ್ಮ ರಿಸೀವರನ್ನು ಹಳೆಯ ಸೀರೆಯ ತುಂಡಿನಲ್ಲಿ ಮುರಿದ ಕೈಗೆ ಕಟ್ಟುವ ಹಾಗೆ ಸುತ್ತಿಟ್ಟಳು.

ಸುದ್ದಿ ಹಬ್ಬಿ ನೆರೆಹೊರೆ ಬಂದು ಸೇರಿತು. ಎಲ್ಲರಿಗಿಂತ ಮುಂದೆ ಸ್ಟೂಲು ಹಾಕಿಕೊಂಡು ಕೂತವರು ಚನ್ನಬಸವಣ್ಣನವರು. ಬಸ್ಸುಗಳಲ್ಲಿ ಟಿಕೆಟ್ ಚೆಕ್ ಮಾಡುವ ಕೆಲಸದಿಂದ ರಿಟೈರ್ ಆದವರು; ನಡುದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ ವಿಚಾರಿಸದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಅವರ ಪಕ್ಕದಲ್ಲಿ ಎದುರು ಅಂಗಡಿಯಲ್ಲಿ ರವಿಕೆ ಹೊಲಿಯುವ ಸರ್ವಮಂಗಳ, ಕತ್ತಿನಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಬಂದಿದ್ದಳು.

ಹೊತ್ತು ಸ್ವಲ್ಪ ಏರಿದ ಮೇಲೆ ಕಂಪ್ಯೂಟರು 'ಟಿಣ್' ಎಂದಿತು. ಯಾರೋ ಬಂದಿದ್ದರು. ಎಚ್.ಡಿ. ಕೋಟೆ ಕಡೆಯ ಕಬಿನಿ ಹಿನ್ನೀರಿನ ಒಂದು ರೆಸಾರ್ಟಿನವರಂತೆ. ನಿಮ್ಮಲ್ಲಿ ಮುದ್ದೆಕೋಲು ಮಾಡುತ್ತೀರಾ ಎಂದು ಕೇಳಿದ್ದರು.

ಚಲುವರಾಜು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದ. ಬೆರಳು ಅಕ್ಷರ ಹುಡುಕುತ್ತ ಹೊರಟಿತು. ಆದರೆ ಚನ್ನಬಸವಣ್ಣನವರು ಅವನ ಹೆಗಲ ಮೇಲೆ ಕೈಯಿಟ್ಟು ತಡೆದರು.

"ತಡಿಯೋ. ಮೊದ್ಲು ಯಾರು ಎತ್ತ ಅಂತ ಕೇಳು. ಯಾವೂರಿಂದ ಹತ್ತಿದ್ದು, ಎಲ್ಲಿಗೆ ಓಗ್ತಾವ್ರೆ, ಜೊತೇಲಿ ಎಷ್ಟು ಜನ."

"ಬಸ್ಸಲ್ಲ ಬಸವಣ್ಣೋರೆ, ಗಿರಾಕಿ."

"ಗಿರಾಕಿ ಅಂತ ಹೆಂಗೇಳ್ತೀಯ? ಮುಖ ನೋಡಿದ್ದೀಯಾ? ಕೇಳು ಸುಮ್ನೆ."

ಹಿರಿಯರ ಮಾತು ಮೀರಲಾರದೆ ಚಲುವರಾಜು ಕೇಳಿದ. ಆ ಮನುಷ್ಯ ಊರು ಹೇಳಿದ. ಚನ್ನಬಸವಣ್ಣನವರು ಅಪ್ಪನ ಹೆಸರು ಕೇಳಿಸಿದರು, ಅದನ್ನೂ ಹೇಳಿದ. ಹಾಗಾದರೆ ಸರಗೂರು ರೂಟಿನಲ್ಲಿ ಕಂಡಕ್ಟರ್ ಆಗಿದ್ದ ಕುಳ್ಳನೆಯ ಮನುಷ್ಯ ನಿಮಗೇನಾಗಬೇಕು ಎಂದು ಬರೆಸಿ ಕಳಿಸಿದ್ದೇ ತಡ, ಕಿಟಕಿ ಪಟ್ಟನೆ ಮುಚ್ಚಿಕೊಂಡಿತು.

"ನೋಡ್ದಾ?" ಎಂದರು ಚನ್ನಬಸವಣ್ಣನವರು ತೃಪ್ತಿಯಿಂದ. "ಟಿಕೆಟ್ ಇರ್ಲಿಲ್ಲ. ಇಳ್ಕಂಡ."

ಎರಡನೆಯದಾಗಿ ಬಂದವಳು ಮೈಸೂರಿನ ಒಬ್ಬ ಹೆಣ್ಣುಮಗಳು. ಲಟ್ಟಣಿಗೆ ಕೇಳಲು ಬಂದಿದ್ದಳು. ಹೆಂಗಸರ ಹತ್ತಿರ ಹೆಂಗಸರೇ ಮಾತಾಡಬೇಕೆಂದು ಸರ್ವಮಂಗಳ ಅಕ್ಷರದ ಗುಂಡಿಗಳನ್ನು ತನ್ನ ಕಡೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಲಟ್ಟಣಿಗೆಯ ಮಾತು ಚಪಾತಿಗೆ, ಚಪಾತಿಯ ಮಾತು ಮೈದುನನ ಮದುವೆಗೆ, ಮದುವೆಯ ಮಾತು ಸೀರೆಗೆ ಜಾರಿ, ಮಾತು ಮುಗಿದಾಗ ಸರ್ವಮಂಗಳಳಿಗೆ ಎರಡು ರವಿಕೆ ಹೊಲಿಯುವ ಆರ್ಡರ್ ಸಿಕ್ಕಿತ್ತು. ಲಟ್ಟಣಿಗೆ ಇಬ್ಬರಿಗೂ ಮರೆತೇ ಹೋಗಿತ್ತು.

ಚಲುವರಾಜು ಅದಕ್ಕೂ ಬೇಸರಿಸಲಿಲ್ಲ. ಇವತ್ತು ಗಿರಾಕಿ ಬರುವುದಲ್ಲ, ತಾನು ಕೂರುವುದು ಮುಖ್ಯ. ಅವನು ಕೂತ. ಹುಟ್ಟಿದ ಮೇಲೆ ಹೀಗೆ ಕೂತವನಲ್ಲ. ಮಧ್ಯೆ ಕರೆಂಟು ಹೋಗಿ, ಧರ್ಮೇಂದ್ರ ಕೊಟ್ಟಿದ್ದ ಬ್ಯಾಟರಿಯ ಡಬ್ಬಿ ಹಸಿದ ಮಗುವಿನ ಹಾಗೆ ಕೀ ಕೀ ಎಂದು ಅಳತೊಡಗಿದಾಗ ಎಲ್ಲರೂ ಅದರ ಸುತ್ತ ಮುಗಿಬಿದ್ದರು. ಬ್ಯಾಟರಿ ಸಾಯುವ ಮುಂಚೆ ಕರೆಂಟು ಬಂತು. ಪುಟ್ಟಸಿದ್ದಮ್ಮ ಇನ್ನೊಂದು ಊದುಬತ್ತಿ ಹಚ್ಚಿದಳು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಅಪರೂಪಕ್ಕೆ ಅಂಗಡಿಯಲ್ಲಿ ಸಿಕ್ಕಿದ್ದಾನೆ ಎಂದು ಬೀದಿಯವರೆಲ್ಲ ಪ್ರೀತಿಯಿಂದ ಕಾಫಿ ತಂದುಕೊಟ್ಟಿದ್ದರು. ಕೂತೇ ಇರಬೇಕಾದವನಿಗೆ ಬೇರೆ ಕೆಲಸವೇನು? ಬಂದ ಕಾಫಿಯನ್ನೆಲ್ಲ ಕುಡಿದಿದ್ದ. ಮಧ್ಯಾಹ್ನದ ಹೊತ್ತಿಗೆ ಕಾಲಿನ ಮೇಲೆ ಕಾಲು ಹಾಕಿದ. ಆಮೇಲೆ ಆ ಕಾಲು ತೆಗೆದು ಈ ಕಾಲು ಹಾಕಿದ. ಚನ್ನಬಸವಣ್ಣನವರೂ ಸರ್ವಮಂಗಳಳೂ ಊಟಕ್ಕೆಂದು ಎದ್ದು ಹೋದ ಮೇಲೆ ಅವನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಅಂಗಡಿಯಲ್ಲಿ ಅದಕ್ಕೆ ವ್ಯವಸ್ಥೆ ಇರಲಿಲ್ಲ. ಏನಿದ್ದರೂ ಬಸ್ ಸ್ಟ್ಯಾಂಡಿಗೇ ಹೋಗಬೇಕು.

"ಓಗ್ಬುಟ್ಟು ಬಾರ್ಲಾ," ಎಂದಳು ಪುಟ್ಟಸಿದ್ದಮ್ಮ. "ನಾನಿಲ್ವಾ? ದೀಪ ನಾನು ನೋಡ್ಕತೀನಿ."

"ಮಾವನಿಗೆ ಗೊತ್ತಾದ್ರೆ?"

"ಅವ್ರಿಗೆ ಕಾಣಾದು ದೀಪ ತಾನೆ, ನೀನು ಕಾಣ್ತೀಯಾ? ಓಗು, ಅಂಗೇ ಕೂತಿದ್ರೆ ಇಲ್ಲೇ ಆಯ್ತದೆ."

ಕುಂಕುಮದ ಗುಂಡಿಯನ್ನು ಆಗಾಗ ಒತ್ತುತ್ತಿರು, ಬೇರೆ ಏನನ್ನೂ ಮುಟ್ಟಬೇಡ ಎಂದು ಹೇಳಿ ಚಲುವರಾಜು ಓಡಿದ. ಬಸ್ ಸ್ಟ್ಯಾಂಡಿನಲ್ಲಿ ಆ ಬಾಗಿಲಿಗೆ ಬೀಗ. ಬೀಗದ ಕೈಯವನು ಊಟಕ್ಕೆ ಹೋಗಿದ್ದ. ಅವನನ್ನು ಹುಡುಕಿ ಹೋಟೆಲಿಗೆ ಹೋದರೆ ಆಗ ತಾನೇ ಎಲೆಗೆ ಎರಡನೇ ಮುದ್ದೆ ಬಿದ್ದಿತ್ತು. ಮುದ್ದೆಯ ಮುಂದೆ ಕೂತ ಮನುಷ್ಯನನ್ನು ಎಬ್ಬಿಸುವ ಧೈರ್ಯ ಮುದ್ದೆಕೋಲು ಮಾರುವವನಿಗೆ ಬರಲಿಲ್ಲ. ಕಾದು, ಬೀಗ ತೆಗೆಸಿ, ಕೆಲಸ ಮುಗಿಸಿ ಹೊರಬಂದವನಿಗೆ ಲೋಕವೆಲ್ಲ ತಂಪಾಗಿ ಸುಂದರವಾಗಿ ಕಂಡಿತು. ಆ ಸಂತೋಷದಲ್ಲಿ ಕಾಲುಗಳು ಅವನನ್ನು ಕೇಳದೆ ಟೀ ಅಂಗಡಿಯ ಕಡೆ ತಿರುಗಿದವು. ಅಲ್ಲಿ ಯಾರದೋ ಬೈಕು ಕೆಟ್ಟು ನಿಂತಿತ್ತು.

ಅವನು ಬೆವರು ಒರೆಸಿಕೊಳ್ಳುತ್ತ ಅಂಗಡಿಗೆ ಮರಳಿದಾಗ ದೀಪ ಹಳದಿಯಾಗಿ ಉರಿಯುತ್ತಲೇ ಇತ್ತು. ಊಟ ಮುಗಿಸಿ ಅವನಿಗಿಂತ ಒಂದು ಹೆಜ್ಜೆ ಮುಂದೆ ಬಂದಿದ್ದ ಸರ್ವಮಂಗಳ ತೆರೆಯತ್ತ ಬಗ್ಗಿದ್ದಳು. ಕಿಟಕಿ ಆಗಷ್ಟೇ ಮುಚ್ಚಿಕೊಂಡಿತು.

"ಚಲುವಣ್ಣ, ಯಾರೋ ಬಂದಿದ್ರು ಕಣ. ಕೊನೇ ಸಾಲು ಮಾತ್ರ ಕಾಣಿಸ್ತು. ಸೋಮವಾರ ಅಂತ ಇತ್ತು."

ಪುಟ್ಟಸಿದ್ದಮ್ಮನ ಮುಖದಲ್ಲಿ ಜಾತ್ರೆಗೆ ಹೋಗಿ ಬಂದ ಕಳೆ ಇತ್ತು. ಅವನು ಹೋದ ಬೆನ್ನಿಗೇ 'ಟಿಣ್' ಎಂದಿತಂತೆ. ಬಂದವರು ಬರೆಯುತ್ತಲೇ ಇದ್ದರಂತೆ. ಸಾಲಿನ ಮೇಲೆ ಸಾಲು, ನಾಗರಹಾವು ಹೆಡೆಯೆತ್ತಿದ ಹಾಗೆ. ಸ್ವಲ್ಪ ಬರೆಯುವುದು, ನಿಲ್ಲಿಸಿ ಕಾಯುವುದು. ಕಾದಾಗಲೆಲ್ಲ ಇವಳು ಹೂಂ ಎಂದಳಂತೆ. ಹೂಂ ಎಂದ ಕೂಡಲೇ ಅವರಿಗೆ ಇನ್ನಷ್ಟು ಹುರುಪು.

"ಯಾರೋ ಬಲು ದೊಡ್ಡ ಮನಸ್ಸಿನೋರು ಕಣ್ಲಾ. ಅಷ್ಟೊಂದು ಮಾತಾಡಿದ್ರು, ಒಂದ್ಸಲಾನೂ ಬೇಜಾರಿಲ್ಲ. ಒಂದೂ ಹೂಂ ತಪ್ಪಿಸ್ನಿಲ್ಲ ನಾನು."

ಚಲುವರಾಜು ತಲೆಯ ಮೇಲೆ ಕೈಹೊತ್ತು ಕೂತ. ಯಾವುದಕ್ಕೆ ಹೂಂ ಎಂದಾಯಿತು? ಅಷ್ಟರಲ್ಲಿ ಚನ್ನಬಸವಣ್ಣನವರು ಹಲ್ಲಿಗೆ ಕಡ್ಡಿ ಹಾಕುತ್ತ ಬಂದು ವಿಷಯ ತಿಳಿದು ತೀರ್ಪು ಕೊಟ್ಟೇಬಿಟ್ಟರು. ಬೆಳಗ್ಗೆ ಇಳಿದುಹೋದ ರೆಸಾರ್ಟಿನವನೇ ಮತ್ತೆ ಹತ್ತಿದ್ದಾನೆ, ಮುದ್ದೆಕೋಲಿನ ಆರ್ಡರ್ ಕೊಟ್ಟಿದ್ದಾನೆ, ಸೋಮವಾರಕ್ಕೆ ಬೇಕು ಎಂದಿದ್ದಾನೆ. ಅಷ್ಟುದ್ದ ಬರೆದಿದ್ದಾನೆ ಎಂದರೆ ಒಂದೆರಡು ಕೋಲಿನ ಮಾತಲ್ಲ. ಬೇರೆ ಯಾವ ಅರ್ಥವೂ ಯಾರಿಗೂ ಹೊಳೆಯಲಿಲ್ಲವಾದ್ದರಿಂದ ಅದೇ ನಿಜವಾಯಿತು.

ಅಲ್ಲಿಂದಾಚೆಗೆ ಅಂಗಡಿಗೆ ಮದುವೆಮನೆಯ ಕಳೆ ಬಂತು. ಚಲುವರಾಜು ಕುರ್ಚಿಯನ್ನು ಕಂಪ್ಯೂಟರಿಗೂ ಮಿಷನ್ನಿಗೂ ನಡುವೆ ಎಳೆದುಕೊಂಡು, ಅತ್ತ ಒಂದು ಕೈ ಇತ್ತ ಒಂದು ಕೈ ಆಡಿಸುತ್ತ, ಕೂಡಿಟ್ಟಿದ್ದ ಮರವನ್ನೆಲ್ಲ ಕಡೆಯತೊಡಗಿದ. ಹೊಟ್ಟು ಹಾರಿ ಚನ್ನಬಸವಣ್ಣನವರ ಹುಬ್ಬು ಬೆಳ್ಳಗಾಯಿತು. ಸರ್ವಮಂಗಳ ಕಡೆದ ಕೋಲುಗಳನ್ನು ಬಟ್ಟೆಯಿಂದ ಉಜ್ಜಿ ಜೋಡಿಸಿದಳು. ಹೊರಗೆ ಹೊತ್ತು ಕೆಂಪಗಾಗಿ, ಮಂಕಾಗಿ, ಮುಳುಗಿಯೇಹೋಯಿತು. ಬೀದಿಯ ದೀಪ ಹತ್ತಿತು. ತೆರೆಯ ಮೇಲಿನ ಹಳದಿ ದೀಪ ಬೆಳಗಿನಿಂದ ಒಮ್ಮೆಯೂ ಆರಿರಲಿಲ್ಲ.

ಚಲುವರಾಜು ಗೆದ್ದಿದ್ದ. ಮಳಿಗೆ ಅವನದಾಗಿತ್ತು.

ಅವನು ಮೈ ಮುರಿಯುತ್ತಿರುವಾಗಲೇ ಬಾಗಿಲಲ್ಲಿ ಜೀಪು ನಿಂತು ಶಿವನಂಜಪ್ಪನವರು ಇಳಿದರು. ಅವರ ಹಿಂದೆ, ಕಂಕುಳಲ್ಲಿ ಅಳತೆಯ ಕೋಲು ಇಟ್ಟುಕೊಂಡ ಒಬ್ಬ ಅಪರಿಚಿತ. ಶಿವನಂಜಪ್ಪನವರ ಕಣ್ಣು ಒದ್ದೆಯಾಗಿತ್ತು. ನೇರ ಬಂದು ಅಳಿಯನನ್ನು ಹೊಟ್ಟಿನ ಸಮೇತ ತಬ್ಬಿಕೊಂಡರು.

"ನಾನು ನಿಮ್ಮನ್ನ ತಿಳ್ಕಂಡೇ ಇರ್ಲಿಲ್ಲ ಅಳಿಯಂದ್ರೆ. ಕ್ಷಮಿಸ್ಬುಡಿ."

"ಅದೆಲ್ಲ ಯಾಕೆ ಮಾವ. ನಾನು ಕೂತಿರ್ತೀನಿ ಅಂತ ಹೇಳ್ನಿಲ್ವಾ?"

"ಕೂತಿದ್ದು ಬುಡಿ. ನಿಮ್ಮ ಮನಸ್ಸು. ಆ ಮನಸ್ಸು ನನ್ನ ಮಗಂಗೂ ಇಲ್ಲ," ಎಂದು ಅವರು ಪುಟ್ಟಸಿದ್ದಮ್ಮನ ಕಡೆ ತಿರುಗಿದರು. "ಬೀಗಿತಿ, ಕೇಳಿ. ಬೆಳಗ್ಗಿಂದ ದೀಪ ಉರೀತಾನೇ ಅದೆ. ನಂಗೇ ನಾಚ್ಕೆ ಆಯ್ತು. ಫೋನ್ ಮಾಡಿ ಮಾತಾಡಾನ ಅಂದ್ರೆ ಲೈನು ಬಿಜಿ. ಅದ್ಕೇ ಮಧ್ಯಾನ್ನ ಚಂದು ಕೈಲಿ ಆ ಗುಂಡಿ ಒತ್ತಿಸ್ದೆ. ನಾನು ಹೇಳಾದು, ಅವ್ನು ಬರಿಯಾದು."

ಅಂಗಡಿಯಲ್ಲಿ ಮಿಷನ್ನು ಇನ್ನೂ ಗುಂಯ್ ಎನ್ನುತ್ತಿತ್ತು. ಸರ್ವಮಂಗಳ ಅದನ್ನು ಮೆಲ್ಲಗೆ ನಿಲ್ಲಿಸಿದಳು.

"ಅಪ್ಪಾ, ಒತ್ತು ಮುಳುಗಾದು ಬ್ಯಾಡ, ನೀವು ಗೆದ್ರಿ, ಮಳಿಗೆ ನಿಮ್ದೇ, ಅಂದೆ. ಹೂಂ ಅಂದ್ರು. ಆದ್ರೆ ಮರಿಯಯ್ಯಂಗೆ ನಾನು ಬಾಯ್ಬಿಟ್ಟು ಮಾತು ಕೊಟ್ಬುಟ್ಟಿದ್ದೀನಿ, ಮುಖ ಎಂಗೆ ತೋರ್ಸಾದು ತಿಳೀತಾ ಇಲ್ಲ, ಅಂದೆ. ಹೂಂ ಅಂದ್ರು. ನೀವೇ ಮನಸ್ಸು ಮಾಡಿ ಬುಟ್ಕೊಟ್ರೆ ನನ್ನ ಮರ್ವಾದೆ ಉಳೀತದೆ, ಬಲವಂತ ಇಲ್ಲ, ಅಂದೆ. ತಟಕ್ಕನೆ ಹೂಂ ಅಂದ್ರು! ನನ್ ಕಣ್ಣ ನಾನೇ ನಂಬ್ನಿಲ್ಲ. ಚಂದು, ಇನ್ನೊಂದ್ಸಲ ಬರಿ ಅಂದೆ. ನಿಜವಾಗ್ಲೂ ಕೊಡ್ತೀರಾ? ಹೂಂ. ಸೋಮವಾರಕ್ಕೆ ಖಾಲಿ ಮಾಡ್ತೀರಾ? ಹೂಂ. ನಡುವೆ ಒಂದು ಅಡ್ಡಮಾತಿಲ್ಲ, ಒಂದು ಗೊಣಗಾಟ ಇಲ್ಲ. ನನ್ನ ಮಾತ ಇಷ್ಟು ತಾಳ್ಮೇಲಿ ಯಾರೂ ಕೇಳಿರ್ನಿಲ್ಲ ಕಣಪ್ಪ."

ಚನ್ನಬಸವಣ್ಣನವರು ಸ್ಟೂಲಿನ ಮೇಲೆ ಕೂತಲ್ಲೇ ಸಣ್ಣಗಾದರು. ಸರ್ವಮಂಗಳ ಅಳತೆಯ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಪುಟ್ಟಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಚಲುವರಾಜು ಅಂಗಿಯ ಹೊಟ್ಟು ಕೊಡವಿಕೊಂಡ. "ಮಾವ, ಅದು ಬಂದು…" ಎಂದು ಬಾಯಿ ತೆರೆದ.

"ಹೇಳಿ. ನೀವೇ ತಾನೆ ಕೂತಿದ್ದು?"

ಚಲುವರಾಜು ಲೆಕ್ಕ ಹಾಕಿದ. ಕೂತಿದ್ದವನು ನಾನಲ್ಲ ಎಂದರೆ ಎದ್ದು ಹೋಗಿದ್ದೆ ಎಂದಂತೆ; ಎದ್ದು ಹೋದರೆ ಮಳಿಗೆ ಮರಿಯಯ್ಯನದು. ನಾನೇ ಎಂದರೆ ಹೂಂ ಎಂದವನೂ ನಾನೇ. ಆಗಲೂ ಮಳಿಗೆ ಮರಿಯಯ್ಯನದು. ಮೊದಲನೆಯದರಲ್ಲಿ ಮಳಿಗೆಯ ಜೊತೆಗೆ ಮಾನವೂ ಹೋಗುತ್ತಿತ್ತು. ಮಾವನ ಒದ್ದೆ ಕಣ್ಣು ನೋಡಿದ. ತಾಯಿಯ ಕಡೆ ನೋಡಿದ.

"ಹೂಂ," ಎಂದ.

"ನೋಡಿ, ಈಗ್ಲೂ ಅದೇ ಮಾತು," ಎಂದು ಶಿವನಂಜಪ್ಪನವರು ಅವನ ಬೆನ್ನು ತಟ್ಟಿದರು. ಅಳತೆಯ ಕೋಲಿನವನನ್ನು ಮುಂದಕ್ಕೆ ಎಳೆದರು. ಅವನೇ ಮರಿಯಯ್ಯ. ಮರಿಯಯ್ಯ ಕೈಮುಗಿದು, ಬಿಂದಿಗೆ ಅಂಗಡಿಯ ಗಲ್ಲಾದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅಲುಗಾಡದೆ ಕೂರುವ ನಂಬಿಕೆಯ ಮನುಷ್ಯನಿಗಾಗಿ ಎಷ್ಟು ದಿನದಿಂದ ಹುಡುಕುತ್ತಿದ್ದೆ, ನೀವು ಒಪ್ಪಿಕೊಂಡದ್ದು ನನ್ನ ಪುಣ್ಯ ಎಂದ. ಮಧ್ಯಾಹ್ನ ಚಂದು ಬರೆದದ್ದರಲ್ಲಿ ಅದೂ ಇತ್ತು; ಅದಕ್ಕೂ ಒಂದು ಹೂಂ ಸಂದಾಯವಾಗಿತ್ತು.

ತಾಯಿ ಮಗನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. "ಬೀಗ್ರು ಅಂತ ನಂಗೇನ್ಲಾ ಗೊತ್ತು? ಅಷ್ಟುದ್ದ ಓಯ್ತಿತ್ತಲ್ಲ, ಯಾರೋ ಕತೆ ಏಳ್ತಾವ್ರೆ ಅಂದ್ಕಂಡೆ."

ಮರಿಯಯ್ಯ ಗೋಡೆ ಅಳೆಯತೊಡಗಿದ. ಆ ಹೊತ್ತಿಗೆ ಕಂಪ್ಯೂಟರು 'ಟಿಣ್' ಎಂದಿತು. ಕತ್ತಲಾದರೂ ದೀಪ ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಸರ್ವಮಂಗಳ ಬಗ್ಗಿ ನೋಡಿದಳು. ನೋಡಿದವಳು ಚಲುವರಾಜುವಿನ ಮುಖ ನೋಡಲಾರದೆ, ತೆರೆಯನ್ನೇ ನೋಡುತ್ತ ಓದಿದಳು.

ಬೆಳಗ್ಗೆ ಬಂದಿದ್ದ ಕಬಿನಿಯ ರೆಸಾರ್ಟಿನವರು ಬರೆದಿದ್ದರು. ಬೆಳಗ್ಗೆ ನಮ್ಮಲ್ಲಿ ಕರೆಂಟು ಹೋಗಿ ಮಾತು ತುಂಡಾಯಿತು, ತಪ್ಪು ತಿಳಿಯಬೇಡಿ. ಸರಗೂರು ರೂಟಿನ ಆ ಕುಳ್ಳನೆಯ ಕಂಡಕ್ಟರು ನಮ್ಮ ಚಿಕ್ಕಪ್ಪ. ಇಷ್ಟು ವಿಚಾರಿಸುವ ಅಂಗಡಿಯವರು ಎಲ್ಲೂ ಸಿಗುವುದಿಲ್ಲ. ಬರುವ ಅತಿಥಿಗಳಿಗೆಲ್ಲ ನೆನಪಿಗೆಂದು ಒಂದೊಂದು ಕಿರು ಮುದ್ದೆಕೋಲು ಕೊಡಬೇಕೆಂದಿದ್ದೇವೆ. ವರ್ಷವಿಡೀ ಬೇಕಾಗುತ್ತದೆ. ಸೋಮವಾರದಿಂದಲೇ ಶುರುಮಾಡಿ, ನೀವೇ ಕಡೆದು ಕೊಡುತ್ತೀರಾ?

ಚಲುವರಾಜು ಆ ದಿನ ಮೊದಲ ಸಲ ಯಾರ ಬಲವಂತವೂ ಇಲ್ಲದೆ ಕುರ್ಚಿಯಲ್ಲಿ ಕೂತ. ಕೂತವನು ಏಳಲಿಲ್ಲ. ತೆರೆಯ ಮೇಲೆ ಆ ಪ್ರಶ್ನೆ ಕಾಯುತ್ತ ನಿಂತಿತ್ತು. ಮರಿಯಯ್ಯನ ಕೋಲು ಗೋಡೆಯ ಮೇಲೆ ಟಕ್ ಟಕ್ ಎಂದು ನಡೆಯುತ್ತಿತ್ತು.

ಪುಟ್ಟಸಿದ್ದಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಪಾಪ, ಅಷ್ಟೊತ್ತಿಂದ ಮಾತಾಡ್ತಾವ್ರೆ," ಎಂದಳು, "ಒಬ್ಬರಾದ್ರೂ ಹೂಂ ಅಂದ್ರಾ?"

ಯಾರೂ ತಡೆಯುವ ಮುಂಚೆ ಕುಂಕುಮದ ಬೊಟ್ಟಿನ ಮೇಲೆ ಬೆರಳಿಟ್ಟಳು.